ಯಾಕುಲ್ಟ್ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ: ಸರಿ, ಕರುಳಿನಲ್ಲಿ ಮೊದಲಿಂದ ಇರುವವಕ್ಕೆ ಊಟ?

ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಐದೈದರ ಕಟ್ಟಾಗಿ ಕೂತಿರುವ, ಕೆಂಪು ಫಾಯಿಲ್ ಮುಚ್ಚಳದ ಯಾಕುಲ್ಟ್ ಎಂಬ ಹುದುಗಿಸಿದ ಹಾಲಿನ ಪಾನೀಯದ ಪುಟ್ಟ ಬಾಟಲಿ ಈಗ ಬಹಳ ಮನೆಗಳಿಗೆ ಪರಿಚಿತ. 65 ಮಿಲಿ, ನಾಲ್ಕು ಗುಟುಕಿಗೆ ಖಾಲಿ. ಬೆಲೆ ಬಾಟಲಿಗೆ ಹದಿನೈದರಿಂದ ಇಪ್ಪತ್ತು ರೂಪಾಯಿಯ ಆಸುಪಾಸು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಇದು ಬೊಗಳೆ ಸರಕಲ್ಲ, ಇದರ ಹಿಂದೆ ನಿಜವಾದ ಅಧ್ಯಯನಗಳಿವೆ. ಆದರೆ ಬಿಳಿ ಅನ್ನ, ತಿಳಿಸಾರು, ಹಪ್ಪಳದಲ್ಲೇ ಊಟ ಮುಗಿಸಿ ಮೇಲೆ ಇದನ್ನು ಕುಡಿದರೆ ದುಡ್ಡು ದಂಡ.

ಒಳಗಿರುವುದು ಒಂದೇ ಒಂದು ತಳಿ. ಜಪಾನಿನ ಮಿನೋರು ಶಿರೋಟಾ 1930ರಲ್ಲಿ ಆರಿಸಿ ಬೆಳೆಸಿದ ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ ಶಿರೋಟಾ (ಈಗಿನ ವೈಜ್ಞಾನಿಕ ಹೆಸರು ಲ್ಯಾಕ್ಟಿಕೇಸಿಬ್ಯಾಸಿಲಸ್ ಪ್ಯಾರಾಕೇಸಿಯೈ). ಪಾನೀಯವಾಗಿ ಮಾರಾಟಕ್ಕೆ ಬಂದದ್ದು 1935ರಲ್ಲಿ. ನಮ್ಮಲ್ಲಿ ಸಿಗುವುದು ಹರಿಯಾಣದ ಸೋನಿಪತ್‌ನಲ್ಲಿ ತಯಾರಾದದ್ದು. ಉಳಿದಂತೆ ನೀರು, ಕೆನೆ ತೆಗೆದ ಹಾಲಿನ ಪುಡಿ, ಸಕ್ಕರೆ, ಸುವಾಸನೆ. ಬಾಟಲಿ ಬಗ್ಗಿಸಿ ನೋಡಿದರೆ ಕಾಣುವ ತಿಳಿ ಕಂದು ಬಣ್ಣವನ್ನು ಯಾರೂ ಬೆರೆಸಿದ್ದಲ್ಲ. ಹಾಲಿನ ಪುಡಿಯನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಹಳ ಹೊತ್ತು ಕಾಯಿಸಿದಾಗ ಬರುವ ಬಣ್ಣ ಅದು, ಹಾಲು ಬತ್ತಿಸಿ ಖೋವಾ ಮಾಡುವಾಗ ಕಂದು ತಿರುಗುತ್ತದಲ್ಲ, ಹಾಗೆ. ತಳದಲ್ಲಿ ಬೆಳ್ಳಗೆ ಕೂತಿರುವುದು ಹಾಲಿನ ಘನಾಂಶ. ಕೆಟ್ಟಿದೆ ಎಂದು ಚೆಲ್ಲಬೇಡಿ, ಅಲುಗಿಸಿ ಕುಡಿಯಿರಿ.

650 ಕೋಟಿ ಅಂದರೆ ಎಷ್ಟು? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರೋಬಯೋಟಿಕ್ (ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳಿರುವ ಆಹಾರ) ಎಂದು ಹೇಳಿಕೊಳ್ಳಲು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಇದು ಅದರ 65 ಪಟ್ಟು. ಹಾಗೆಂದು ಮೊಸರೇನೂ ಬಡವಲ್ಲ: ಯೋಗರ್ಟ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಗ್ರಾಂಗೆ ಕನಿಷ್ಠ ಒಂದು ಕೋಟಿ, ಆ ಲೆಕ್ಕದಲ್ಲಿ 100 ಗ್ರಾಂನ ಒಂದು ಬಟ್ಟಲಿಗೆ ನೂರು ಕೋಟಿ. ವ್ಯತ್ಯಾಸ ಇರುವುದು ತಳಿಯಲ್ಲಿ. ಶಿರೋಟಾ ತಳಿ ಜಠರದ ಆಮ್ಲವನ್ನೂ ಪಿತ್ತರಸವನ್ನೂ ತಾಳಿಕೊಂಡು ದೊಡ್ಡ ಕರುಳಿನವರೆಗೆ ಬದುಕಿ ಹೋಗುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಮನೆಯ ಹೆಪ್ಪಿನಲ್ಲಂತೂ ಯಾವ ತಳಿ ಎಷ್ಟಿದೆ ಎಂದು ಹೇಳುವಂತೆಯೇ ಇಲ್ಲ. ಪಕ್ಕದ ಮನೆಯಿಂದ ಹೆಪ್ಪು ತಂದ ದಿನ ಅದೂ ಬದಲು.

ಕೆಲಸ ಮಾಡುತ್ತದೆಯೇ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ ಒಂದರಿಂದ ಐದು ವರ್ಷದ 3,758 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಅಚ್ಚಾಯಿತು. ಅರ್ಧ ಮಕ್ಕಳಿಗೆ ದಿನಕ್ಕೊಂದು ಬಾಟಲಿ, ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಪೌಷ್ಟಿಕ ಪಾನೀಯ, ಹನ್ನೆರಡು ವಾರ. ಭೇದಿ ಸುಮಾರು ಶೇ. 14ರಷ್ಟು ಕಡಿಮೆಯಾಯಿತು. ಲಾಭ ಇದೆ, ಸಣ್ಣದು. ಇಷ್ಟು ಹೇಳಿ ನಿಲ್ಲಿಸಿದರೆ ಪ್ರಾಮಾಣಿಕ ಮಾತು. ಇದನ್ನೇ ಎಳೆದು ತೂಕ ಇಳಿಯುತ್ತದೆ, ಚರ್ಮ ಹೊಳೆಯುತ್ತದೆ ಎಂದು ವಾಟ್ಸಾಪಿನಲ್ಲಿ ಹಂಚುವವರ ಮಾತಿಗೆ ಈ ಪ್ರಯೋಗ ಜವಾಬ್ದಾರಿಯಲ್ಲ.

ಮುಖ್ಯ ತಕರಾರು ಬೇರೆ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಮನೆ ಮಾಡುವುದಿಲ್ಲ. ಬಂದ ನೆಂಟ, ಕುಡಿಯುವುದು ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಹೊರಟಿರುತ್ತದೆ. ಕಾಯಂ ವಾಸ ಮಾಡಿಕೊಂಡಿರುವ ನೂರಾರು ಜಾತಿಯ ಸೂಕ್ಷ್ಮಜೀವಿಗಳು ಬೇರೆಯೇ ಇವೆ. ಅವುಗಳ ಆಹಾರ ನಾವು ಅರಗಿಸಲಾರದ ನಾರು. ಆ ನಾರನ್ನು ಹುಳಿಸಿ ಅವು ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದೇ. ನಾರು ಸಿಗದಿದ್ದಾಗ ಕೆಲವು ಜಾತಿಗಳು ಕರುಳಿನ ಗೋಡೆಗೆ ರಕ್ಷಣೆಯಾಗಿರುವ ಲೋಳೆಯನ್ನೇ ತಿನ್ನಲು ಶುರುಮಾಡುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಒಂದೊಂದು ಜಾತಿಗೆ ಒಂದೊಂದು ಬಗೆಯ ನಾರು ರುಚಿ. ಹಾಗಾಗಿ ಎಷ್ಟು ತಿಂದಿರಿ ಎನ್ನುವುದರ ಜೊತೆಗೆ ಎಷ್ಟು ಬಗೆ ತಿಂದಿರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜನರ ಕರುಳಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವ ಅಮೆರಿಕನ್ ಗಟ್ ಪ್ರಾಜೆಕ್ಟ್ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, ಹತ್ತು ಅಥವಾ ಅದಕ್ಕೂ ಕಡಿಮೆ ಬಗೆ ತಿನ್ನುವವರಿಗಿಂತ ಸೂಕ್ಷ್ಮಜೀವಿಗಳ ಹೆಚ್ಚು ವೈವಿಧ್ಯ ಕಂಡಿತು. ಇದು ಬರೀ ಹೋಲಿಕೆ, 30 ಮಂತ್ರಸಂಖ್ಯೆಯಲ್ಲ.

ಆ 30 ನಮ್ಮಲ್ಲಿ ಕಷ್ಟವೂ ಅಲ್ಲ. ಹಳೇ ಮೈಸೂರು ಕಡೆಯ ಒಂದು ಕಟ್ಟು ಬೆರಕೆ ಸೊಪ್ಪು ಬಿಚ್ಚಿ ನೋಡಿ: ದಂಟು, ಅಣ್ಣೆ, ಹೊನಗೊನ್ನೆ, ಗಣಿಕೆ, ಕಿರಕಸಾಲೆ. ಅಲ್ಲಿಗೇ ಐದು. ಅದಕ್ಕೆ ಕಾಳು ಹಾಕಿ ಬಸ್ಸಾರು ಮಾಡಿ ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಕೊತ್ತಂಬರಿ, ತೆಂಗಿನಕಾಯಿ ರುಬ್ಬಿ ಹಾಕಿದರೆ ಹನ್ನೊಂದು, ಪಕ್ಕದ ರಾಗಿಮುದ್ದೆ ಹನ್ನೆರಡು. ಉತ್ತರದ ಕಡೆ ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿ, ಹಸಿ ಸೌತೆಕಾಯಿ, ಮೆಂತ್ಯಸೊಪ್ಪು ಇಟ್ಟ ತಟ್ಟೆಗೂ ಇದೇ ಲೆಕ್ಕ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ 17, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರೂ ಇಲ್ಲ. ದಿನಕ್ಕೆ ಬೇಕಾದ ನಾರು 30 ಗ್ರಾಂ ಆಸುಪಾಸು. ದಿನಕ್ಕೊಂದು ಬಾಟಲಿಯಂತೆ ತಿಂಗಳಿಗೆ ತಗಲುವ ಐನೂರು ಚಿಲ್ಲರೆಯಲ್ಲಿ ಕಿಲೊ ರಾಗಿ, ಅರ್ಧರ್ಧ ಕಿಲೊ ಹುರುಳಿ ಮತ್ತು ಹೆಸರುಕಾಳು, ಕಾಲು ಕಿಲೊ ಅಗಸೆ, ವಾರಕ್ಕೆರಡು ಕಟ್ಟು ಸೊಪ್ಪು ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ.

ಇಲ್ಲಿ ಎಡವುವುದು ಆತುರದಲ್ಲಿ. ಇಂದು ಓದಿ ನಾಳೆಯೇ ಮೂರು ಹೊತ್ತೂ ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಹಿಡಿಯುತ್ತದೆ, ನಾಲ್ಕನೇ ದಿನ ‘ನನಗೆ ಕಾಳು ಆಗಿಬರಲ್ಲ’ ಎಂಬ ತೀರ್ಮಾನ ಆಗಿಹೋಗುತ್ತದೆ. ಕಾಳಿನಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ನಮಗೆ ಅರಗುವುದಿಲ್ಲ, ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಬಿಡುತ್ತವೆ. ಎಂಟರಿಂದ ಹನ್ನೆರಡು ಗಂಟೆ ನೆನೆಸಿ ಆ ನೀರು ಚೆಲ್ಲಿ, ಆಗುವುದಾದರೆ ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ. ಮೊದಲ ವಾರ ದಿನಕ್ಕೆ ಎರಡು ಚಮಚ ಬೆಂದ ಕಾಳು ಸಾಕು, ವಾರ ವಾರ ಏರಿಸಿ, ನೀರು ಹೆಚ್ಚು ಕುಡಿಯಿರಿ. ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವವರು ವೈದ್ಯರನ್ನೋ ಆಹಾರತಜ್ಞರನ್ನೋ ಕೇಳಿ ಮುಂದುವರಿಯುವುದು ಲೇಸು.

ಹುದುಗಿದ ಆಹಾರದ ಪರ ಒಂದು ಒಳ್ಳೆಯ ಸಾಕ್ಷ್ಯ ಅಮೆರಿಕದ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡ್‌ನಿಂದ 2021ರಲ್ಲಿ ಬಂತು. 36 ಮಂದಿ, ಎರಡು ಗುಂಪು, ಹತ್ತು ವಾರ. ಮೊಸರು, ಕೆಫೀರ್ ಎಂಬ ಹುಳಿಸಿದ ಹಾಲು, ಹುಳಿಸಿದ ತರಕಾರಿಗಳನ್ನು ದಿನಕ್ಕೆ ಆರು ಪಾಲಿನಷ್ಟು ತಿಂದ ಗುಂಪಿನಲ್ಲಿ ಕರುಳಿನ ವೈವಿಧ್ಯ ಏರಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಗಮನಿಸಿ, ಒಂದು ಬಾಟಲಿಯಲ್ಲ, ಆರು ಪಾಲು, ಹಲವು ಬಗೆ. ನಾರು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟರೊಳಗೆ ವೈವಿಧ್ಯ ಏರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ನಾರಿನ ಫಲಕ್ಕೆ ತಾಳ್ಮೆ ಬೇಕಾದೀತು. ಇಡ್ಲಿ, ದೋಸೆಯನ್ನು ಪ್ರೋಬಯೋಟಿಕ್ ಎಂದು ಹೊಗಳುವವರಿಗೆ ಒಂದು ಮಾತು: ಹಿಟ್ಟು ಉಬ್ಬಿಸಿದ ಬ್ಯಾಕ್ಟೀರಿಯಾ ಹಬೆಯಲ್ಲೂ ಕಾವಲಿಯ ಮೇಲೂ ಸತ್ತಿರುತ್ತವೆ. ಕುದಿಸಿದ ಮಜ್ಜಿಗೆಹುಳಿಯ ಕಥೆಯೂ ಅಷ್ಟೇ. ಜೀವಂತವಾಗಿ ಬೇಕಿದ್ದರೆ ಹಸಿ ಮಜ್ಜಿಗೆ, ತಂಬುಳಿ, ಮೊಸರುಬಜ್ಜಿ.

ಕೊಳ್ಳುವುದೇ ಆದರೆ ಬಾಟಲಿಗಿಂತ ಮೊದಲು ಅಂಗಡಿಯ ಫ್ರಿಜ್ ನೋಡಿ. ಇದು 10 ಡಿಗ್ರಿಗಿಂತ ಕೆಳಗಿರಬೇಕು. ರಾತ್ರಿ ಫ್ರಿಜ್ ಆರಿಸಿ ಬೀಗ ಹಾಕುವ ಅಂಗಡಿ, ಬಿಲ್ ಕೌಂಟರಿನ ಪಕ್ಕ ಬಿಸಿಲಿಗೆ ಜೋಡಿಸಿಟ್ಟ ಕಟ್ಟು, ಎರಡೂ ಬೇಡ. ಬೆಚ್ಚಗಾದರೆ ಬ್ಯಾಕ್ಟೀರಿಯಾ ಹುಳಿ ಉಗುಳುತ್ತಾ ಹೋಗಿ ಆ ಹುಳಿಯಲ್ಲೇ ಕ್ಷೀಣಿಸುತ್ತವೆ. ಉಬ್ಬಿದ ಫಾಯಿಲ್, ಮೂಗಿಗೆ ಹೊಡೆಯುವ ಹುಳಿ ಇದ್ದರೆ ವಾಪಸ್ ಕೊಡಿ. ಫ್ರೀಜರ್‌ನಲ್ಲಿಟ್ಟು ಐಸ್‌ಕ್ಯಾಂಡಿ ಮಾಡುವುದೂ, ನೆಗಡಿ ಆದೀತೆಂದು ಬಿಸಿ ಮಾಡುವುದೂ ಬೇಡ.

ಸಕ್ಕರೆ ಇದರ ದೊಡ್ಡ ದೋಷ: ಬಾಟಲಿಗೆ 10 ಗ್ರಾಂ ಆಸುಪಾಸು, ಎರಡೂವರೆ ಚಮಚ. ಮಕ್ಕಳು ಒಂದಾದ ಮೇಲೊಂದು ಬಾಟಲಿ ಕೇಳುವುದು ಅದಕ್ಕೇ. ನೀಲಿ ಪ್ಯಾಕಿನ ಲೈಟ್‌ನಲ್ಲಿ ಸಕ್ಕರೆ ಕಡಿಮೆ, ಬ್ಯಾಕ್ಟೀರಿಯಾ ಅದೇ. ಸಕ್ಕರೆ ಕಾಯಿಲೆಯವರು ಅದನ್ನೂ ಲೇಬಲ್ ಓದಿಯೇ ಕುಡಿಯಬೇಕು. ಆ್ಯಂಟಿಬಯೋಟಿಕ್ ನುಂಗುತ್ತಿದ್ದರೆ ಮಾತ್ರೆಗೂ ಬಾಟಲಿಗೂ ಎರಡು ಗಂಟೆಯಾದರೂ ಅಂತರವಿರಲಿ, ಇಲ್ಲದಿದ್ದರೆ ಔಷಧ ಇವನ್ನೂ ಕೊಲ್ಲುತ್ತದೆ. ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಐಸಿಯುನಲ್ಲಿ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರಿಗೆ ವೈದ್ಯರು ಹೇಳದ ಹೊರತು ಯಾವ ಪ್ರೋಬಯೋಟಿಕ್ಕೂ ಸಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೂ ಹಾಗೆಯೇ. ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋಗುವಾಗ ಹಣ್ಣಿನ ಜೊತೆ ಇದರ ಕಟ್ಟೊಂದನ್ನು ಒಯ್ಯುವ ರೂಢಿ ಇದ್ದರೆ, ಮೊದಲು ವಾರ್ಡಿನ ಸಿಸ್ಟರ್‌ ಅವರನ್ನು ಕೇಳಿಕೊಳ್ಳಿ.