ಶೀಟು, ಮೋಲ್ಡ್, ಮಣ್ಣು: ನಮ್ಮ ಶಾಲೆಯ ಮೂರು ಕೋಣೆ

ನಮ್ಮ ಶಾಲೆಯಲ್ಲಿ ಮೂರು ಥರದ ಕೋಣೆಗಳಿವೆ. ಬೇಕು ಅಂತ ಮಾಡಿದ್ದಲ್ಲ, ದುಡ್ಡು ಕೈಗೆ ಬಂದಾಗಲೆಲ್ಲ ಒಂದೊಂದು ಕಟ್ಟಿಸಿದೆವು. ಟ್ರಸ್ಟಿನ ಲೆಕ್ಕ ನೋಡುವವನು ನಾನೇ. ಹಾಗಾಗಿ ಮೂರರ ಬಿಲ್ಲೂ ಕೊಟ್ಟಿದ್ದೇನೆ, ಮೂರರಲ್ಲೂ ಕೂತು ಬೆವರಿದ್ದೇನೆ. ಇಲ್ಲ, ಎರಡರಲ್ಲಿ ಬೆವರಿದ್ದೇನೆ. ಮೂರನೆಯದು ಮಣ್ಣಿನ ಬ್ಲಾಕಿನದು.

ಮೊದಲು ಕಟ್ಟಿದ್ದು ಶೀಟಿನ ಕೋಣೆ. ಅಗ್ಗ, ಬೇಗ ಮುಗಿಯಿತು. ಮಾರ್ಚ್ ಬಂತೆಂದರೆ ಮಧ್ಯಾಹ್ನ ಮಕ್ಕಳು ಹೊಂಗೆ ಮರದ ಕೆಳಗೆ. ಜೋರು ಮಳೆ ಬಂದರೆ ಮೇಡಂ ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ. ಹಾಗಂತ ಎಲ್ಲಾ ತಪ್ಪು ಶೀಟಿನದ್ದಲ್ಲ. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ತಮ್ಮ ಊರು ಗಾಂಡೋಗೆ 2001ರಲ್ಲಿ ಕಟ್ಟಿಕೊಟ್ಟ ಶಾಲೆಗೂ ಶೀಟೇ ಇದೆ. ಆದರೆ ಅಲ್ಲಿ ಮಕ್ಕಳ ತಲೆ ಮೇಲೆ ಮಣ್ಣಿನ ಇಟ್ಟಿಗೆಯ ಚಾವಣಿ, ಅದರಿಂದ ಸಾಕಷ್ಟು ಮೇಲಕ್ಕೆ ಎತ್ತಿ ನಿಲ್ಲಿಸಿದ ಶೀಟು. ನಡುವೆ ಗಾಳಿ ಓಡಾಡುತ್ತದೆ, ಬಿಸಿ ಕೆಳಗಿಳಿಯುವುದಿಲ್ಲ. ನಾವು ಶೀಟನ್ನು ನೇರ ನೆತ್ತಿಗೇ ಕೂರಿಸಿದೆವು.

ಎರಡನೆಯದು ಸಿಮೆಂಟ್ ಬ್ಲಾಕಿನ ಗೋಡೆ, ಆರ್‌ಸಿಸಿ ಮೋಲ್ಡ್. ಗಟ್ಟಿಯಾಗಿದೆ, ಸೋರಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಸ್ಪೆಷಲ್ ಕ್ಲಾಸ್ ಹೊತ್ತಿಗೆ ಕಕ್ಕುತ್ತದೆ, ಅಷ್ಟೇ.

ಮಣ್ಣಿನ ಕೋಣೆಗೆ ಮಣ್ಣು ಹೊರಗಿಂದ ತರಲಿಲ್ಲ. ಮಳೆನೀರಿಗೆ ಅಂತ ಮೈದಾನದ ಮೂಲೆಯಲ್ಲಿ ಹೊಂಡ ತೋಡಿಸಿದ್ದೆವು, ಅದರ ಕೆಮ್ಮಣ್ಣೇ ಸಾಕಾಯಿತು. ಮೇಸ್ತ್ರಿ ಒಂದು ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರು. ಮರಳು ಕೆಳಗೆ ಕೂತಿತು, ಜಿಗುಟು ಮಣ್ಣು ಮೇಲೆ. ಜಿಗುಟು ಜಾಸ್ತಿ ಇದೆ ಅಂತ ಕ್ವಾರಿ ಪುಡಿ ಬೆರೆಸಿದರು. ಶೇ 7-8ರಷ್ಟು ಸಿಮೆಂಟ್ ಸೇರಿಸಿ, ಕೈಯಿಂದ ಒತ್ತುವ ಮೆಷಿನ್‌ನಲ್ಲಿ ಬ್ಲಾಕು ಮಾಡಿ, ಮೂರು ವಾರ ನೀರುಣಿಸಿದೆವು. ಭಟ್ಟಿ ಇಲ್ಲ, ಸೌದೆ ಇಲ್ಲ. ಇದೇನು ಹೊಸ ಪ್ರಯೋಗವೂ ಅಲ್ಲ. ಸೌದೆ ಉಳಿಸುವ ಅಸ್ತ್ರ ಒಲೆ ಗೊತ್ತಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅದೇ ಅಸ್ತ್ರ ತಂಡ ಈ ಬ್ಲಾಕಿನ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದೆ.

ಮೇಲೆ ಫಿಲ್ಲರ್ ಸ್ಲ್ಯಾಬ್. ಮೋಲ್ಡಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದಕ್ಕಿಂತ ಸುಮ್ನೆ ಭಾರವಾಗುವುದೇ ಹೆಚ್ಚು. ಅಲ್ಲಿ ಕಂಬಿಗಳ ನಡುವೆ ಮಂಗಳೂರು ಹೆಂಚು ತುಂಬುತ್ತಾರೆ. ಕಾಂಕ್ರೀಟೂ ಉಳಿಯುತ್ತದೆ, ಕಂಬಿಯೂ ಉಳಿಯುತ್ತದೆ. ಕೆಳಗಿಂದ ಹೆಂಚು ಕಾಣುತ್ತದೆ. ಪಾಠ ಬೇಸರವಾದ ಮಕ್ಕಳು ಎಣಿಸುತ್ತಾರೆ.

ಇನ್ನು ತಲೆನೋವಿನ ವಿಷಯ. ಕರೆಂಟು.

ಈ ಗೋಡೆಯಲ್ಲಿ ದುಡ್ಡು ಉಳಿಯುವುದೇ ಪ್ಲಾಸ್ಟರ್ ಮಾಡದೆ ಬಿಡುವುದರಿಂದ. ಮೇಸ್ತ್ರಿ ಸಂದು ಸಂದಿಗೂ ಗೆರೆ ಎಳೆದ ಹಾಗೆ ಕಟ್ಟಿದ್ದರು. ಎಲ್ಲಾ ಮುಗಿದ ಮೇಲೆ ನಾನು ಎಲೆಕ್ಟ್ರಿಷಿಯನ್‌ನನ್ನು ಕರೆದೆ. ಆತ ಎಲ್ಲಾ ಕಡೆ ಮಾಡುವುದನ್ನೇ ಇಲ್ಲೂ ಮಾಡಿದ. ಕಟರ್ ಹಚ್ಚಿ ಗೋಡೆ ಸೀಳಿ ಪೈಪು ಕೂರಿಸಿದ. ಬೇರೆ ಗೋಡೆಯಾದರೆ ಪ್ಲಾಸ್ಟರ್ ಎಲ್ಲವನ್ನೂ ಮುಚ್ಚುತ್ತದೆ. ಇಲ್ಲಿ ಬ್ಲಾಕಿನ ಮೂಲೆಗಳು ಉದುರಿದವು. ಸಿಮೆಂಟ್ ಮೆತ್ತಿದ, ಕೆಂಪು ಗೋಡೆ ಮೇಲೆ ಬೂದು ಹಾವು ಹರಿದ ಹಾಗಾಯಿತು. ಕೆಂಪು ಆಕ್ಸೈಡ್ ಬೆರೆಸಿ ಮತ್ತೆ ಮೆತ್ತಿಸಿದೆ. ಈಗ ಹಾವಿನ ಬಣ್ಣ ಗುಲಾಬಿ.

ಅಷ್ಟಕ್ಕೇ ಮುಗಿಯಲಿಲ್ಲ. ಫ್ಯಾನಿನ ಕೊಕ್ಕೆಯನ್ನು ಮೋಲ್ಡ್ ಹಾಕುವ ಮುಂಚೆಯೇ ಬಿಡಬೇಕಿತ್ತು, ಯಾರಿಗೂ ನೆನಪಾಗಿಲ್ಲ. ಕೋಣೆಯ ನಟ್ಟನಡುವೆ ನೋಡಿದರೆ ಹೆಂಚು. ಹೆಂಚಿಗೆ ಫ್ಯಾನ್ ನೇತುಹಾಕಲು ಆಗುತ್ತಾ? ಎರಡು ಹೆಂಚಿನ ನಡುವಿನ ಕಾಂಕ್ರೀಟ್ ಪಟ್ಟಿ ಹುಡುಕಿ, ಕಂಬಿ ತಪ್ಪಿಸಿ, ಎರಡು ಸಲ ಕೊರೆದು, ಕೊನೆಗೆ ಫ್ಯಾನ್ ಕೂತಿದ್ದು ಮೇಡಂ ಮೇಜಿನ ಮೇಲೆ. ಅವರಿಗೆ ಖುಷಿ. ಹಿಂದಿನ ಬೆಂಚಿನವರು ನನ್ನನ್ನು ಕಂಡರೆ ಮೇಲೆ ನೋಡುತ್ತಾರೆ.

ತಪ್ಪು ಎಲೆಕ್ಟ್ರಿಷಿಯನ್‌ದಲ್ಲ, ಕರೆದ ಹೊತ್ತಿನದು. ಗೋಡೆ ಏಳುವಾಗಲೇ ಪೈಪು ಇಡಬೇಕು. ಇಲ್ಲವೇ ಗೋಡೆ ಮೇಲೆ ಕಾಣುವಂತೆ ಪಟ್ಟಿ ಹೊಡೆದು ವೈರ್ ಎಳೆಯಬೇಕು, ಕೆಟ್ಟದಾಗೇನೂ ಕಾಣುವುದಿಲ್ಲ.

ಖರ್ಚು? ಎರಡನೆಯ ಕೋಣೆಗಿಂತ ಸ್ವಲ್ಪ ಕಡಿಮೆ ಬಿತ್ತು. ಮಣ್ಣು ಕೊಳ್ಳಬೇಕಿದ್ದರೆ ಆ ಸ್ವಲ್ಪವೂ ಇರುತ್ತಿರಲಿಲ್ಲ.

ತಂಪಿದೆ. ಅದರ ಹೆಸರೆಲ್ಲ ಬ್ಲಾಕಿಗೇ ಕೊಡಲಾರೆ. ಪಡುವಣಕ್ಕೆ ಜಗುಲಿ ಬಿಟ್ಟಿದ್ದೇವೆ, ಮೇಲೆ ಗಾಳಿಕಿಂಡಿ ಇದೆ. ಸಿಮೆಂಟ್ ಕೋಣೆಗೂ ಅಷ್ಟು ಮಾಡಿದ್ದರೆ ಅದೂ ಇಷ್ಟೊಂದು ಕಾಡುತ್ತಿರಲಿಲ್ಲವೇನೋ.

ಆದರೂ ನನ್ನ ಓಟು ಮಣ್ಣಿಗೇ. ಸುಣ್ಣ ಬಣ್ಣವನ್ನು ವರ್ಷ ವರ್ಷ ಮುಂದೂಡುವ ಮನುಷ್ಯ ನಾನು, ಈ ಗೋಡೆ ಬಣ್ಣ ಕೇಳುವುದೇ ಇಲ್ಲ. ನಿಮ್ಮದು ಎರೆಮಣ್ಣಿನ ಊರಾದರೆ ಬೇಡ. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಸಿಮೆಂಟ್ ಬ್ಲಾಕು ಹಾಕಿ, ಜಗುಲಿ ಮಾತ್ರ ಮರೆಯಬೇಡಿ.

ನಾಲ್ಕನೇ ಕೋಣೆಗೆ ಬರುವ ಬೇಸಿಗೆಯಲ್ಲಿ ಪಾಯ ತೋಡುತ್ತೇವೆ. ಎಲೆಕ್ಟ್ರಿಷಿಯನ್‌ಗೆ ಈಗಲೇ ಹೇಳಿಟ್ಟಿದ್ದೇನೆ. ಮೇಸ್ತ್ರಿಗೆ ಇನ್ನೂ ಹೇಳಿಲ್ಲ.