ಊಟಕ್ಕೆ ಪೂರ್ತಿ ಅಂಕ, ಆ ಗೋಡೆ ಮಾತ್ರ ಬೇಡವಿತ್ತು

ಹೊನ್ನಾವರ ತಾಲೂಕಿನಲ್ಲಿ, ಶರಾವತಿ ಅಳಿವೆಯಿಂದ ಸ್ವಲ್ಪ ದೂರ, ಕಡಲಿಗೆ ತಾಗಿಕೊಂಡೇ ಇರುವ ಒಂದು ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಉಳಿದಿದ್ದೆವು. ಮೂರು ವರ್ಷದ ಹಿಂದೆಯೂ ಇಲ್ಲಿಗೇ ಬಂದಿದ್ದೆವು.

ಮೊದಲು ಊಟ. ಕುಚಲಕ್ಕಿ ಅನ್ನ, ಜುಮ್ಮನಕಾಯಿ ಅನ್ನುವ ಮಸಾಲೆಕಾಯಿ ಹಾಕಿದ ಬಂಗಡೆ ಸಾರು, ಶೆಟ್ಲಿ (ಸಿಗಡಿ) ಸುಕ್ಕಾ. ಇಷ್ಟು ಒಳ್ಳೆಯ ಸಾರು ನಾನು ಉಂಡು ತುಂಬಾ ದಿನ ಆಗಿತ್ತು. ರೂಮು ಸ್ವಚ್ಛ, ಬಾಡಿಗೆಯೂ ಜಾಸ್ತಿ ಅಲ್ಲ.

ಬೇಸರ ಆಗಿದ್ದು ಹಿತ್ತಿಲ ಗೇಟು ತೆಗೆದಾಗ. ಹಿಂದಿನ ಸಲ ಅಲ್ಲಿ ಮರಳಿನ ದಿಬ್ಬ ಇತ್ತು, ಅದರ ಮೇಲೆಲ್ಲ ಮರಳು ಹಿಡಿದಿಡುವ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಈಗ ಬಳ್ಳಿ ಕಿತ್ತು, ದಿಬ್ಬ ಮಟ್ಟ ಮಾಡಿ, ಕೂರಲು ಸಿಮೆಂಟ್ ಕಟ್ಟೆ ಹಾಕಿ, ಅದರ ಮುಂದೆ ಚಿರೆಕಲ್ಲಿನ ಗೋಡೆ ಕಟ್ಟಿದ್ದಾರೆ. ಫೋಟೋದಲ್ಲಿ ಚಂದ ಕಾಣುತ್ತದೆ, ನಿಜ. ಬಗ್ಗಿ ನೋಡಿದರೆ ಬುಡದಲ್ಲಿ ಮರಳೇ ಇಲ್ಲ. ಕೆಳಸಾಲಿನ ಕಲ್ಲಿನಡಿ ನನ್ನ ಕೈ ಮೊಣಕೈವರೆಗೆ ಒಳಗೆ ಹೋಯಿತು.

ಮಳೆಗಾಲದಲ್ಲಿ ಕಡಲು ಮರಳು ಒಯ್ಯುತ್ತದೆ, ಮಳೆ ನಿಂತ ಮೇಲೆ ತಂದು ಹಾಕುತ್ತದೆ, ಇದು ಇಲ್ಲಿಯವರಿಗೆಲ್ಲ ಗೊತ್ತಿರುವುದೇ. ದಿಬ್ಬ ಇದ್ದರೆ ಅಲೆ ಮೇಲೇರಿ, ಸುಸ್ತಾಗಿ, ಮೆಲ್ಲಗೆ ಇಳಿಯುತ್ತದೆ. ಗೋಡೆಗೆ ಬಡಿದ ಅಲೆ ಹಾಗಲ್ಲ, ಬಂದ ಜೋರಿನಲ್ಲೇ ತಿರುಗಿ ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇನ್ನೂ ಜಾಸ್ತಿ. ಅಲ್ಲಿರುವುದು ಮೀನುಗಾರರ ಮನೆ. ಅವರ ಎರಡು ತೆಂಗಿನ ಮರದ ಬೇರು ಹೊರಗೆ ಬಿದ್ದಿದೆ, ದೋಣಿ ಎಳೆದಿಡಲು ಜಾಗ ಉಳಿದಿಲ್ಲ. ಅದನ್ನು ನೋಡಿ ಹೊಟ್ಟೆ ಉರಿಯಿತು.

ನಡೆಸುವ ಅಕ್ಕನ ಹತ್ತಿರ ಕೇಳಿದೆ. "ಹೊಳೆ ಮೊದಲಿನ ಹಾಗೆ ಮರಳು ತರೂದಿಲ್ಲ, ನಾವೇನು ಮಾಡೂದು?" ಅಂದರು. ಸುಳ್ಳಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯದ್ದು. ಘಟ್ಟದಿಂದ ಬರುವ ಮರಳು ಅಲ್ಲೇ ತಡೆದು ನಿಲ್ಲುತ್ತದೆ. ದಾಟಿ ಬಂದಿದ್ದನ್ನೂ ಹೊಳೆಯಲ್ಲೇ ತುಂಬಿ ಮನೆ ಕಟ್ಟಲು ಒಯ್ದರೆ ಕಡಲಿಗೆ ಏನು ಸಿಗಬೇಕು? ಬರುವುದೇ ಕಡಿಮೆ ಆದಾಗ ಇದ್ದ ದಿಬ್ಬವನ್ನಾದರೂ ಉಳಿಸಿಕೊಳ್ಳಬೇಕಿತ್ತು ಅಲ್ವಾ?

5ಕ್ಕೆ 3 ಕೊಡುತ್ತಿದ್ದೇನೆ. ಹೋಗುವವರು ಊಟಕ್ಕೆ ಖಂಡಿತ ಹೋಗಿ. ಭರತದ ಹೊತ್ತಲ್ಲಿ (ಕಡಲ ನೀರು ಏರಿದಾಗ) ಮಾತ್ರ ಮಕ್ಕಳನ್ನು ಗೋಡೆಯ ಆಚೆ ಬಿಡಬೇಡಿ, ನಿಲ್ಲಲು ನೆಲವೇ ಇರುವುದಿಲ್ಲ. ಮುಂದಿನ ಮಳೆಗಾಲದೊಳಗೆ ಗೋಡೆಗೆ ಇನ್ನೆರಡು ಸಾಲು ಕಲ್ಲು ಏರಿಸುತ್ತಾರಂತೆ. ಆ ದುಡ್ಡಲ್ಲಿ ಗೋಡೆ ತೆಗೆಸಿ, ಬಳ್ಳಿ ಮತ್ತೆ ನೆಡಿ ಅಕ್ಕಾ ಅಂತ ಹೇಳಿ ಬಂದಿದ್ದೇನೆ. ಗಂಡನ ಹತ್ತಿರ ಮಾತಾಡುತ್ತೇನೆ ಅಂದಿದ್ದಾರೆ.