ಉಬ್ಬು ಅಕ್ಷರದ ರಕ್ಷಾಪುಟ ಮಾಡಿಸುವ ಮುನ್ನ

ಅಭಿನಂದನ ಗ್ರಂಥವನ್ನೋ ಸ್ಮರಣ ಸಂಚಿಕೆಯನ್ನೋ ಅಚ್ಚು ಹಾಕಿಸಲು ಹೊರಟು, ರಕ್ಷಾಪುಟದ ಮೇಲೆ ಶೀರ್ಷಿಕೆ ಉಬ್ಬಿ ನಿಲ್ಲಬೇಕೆಂದು ಬಯಸುವವರು ಮುಂಗಡ ಕೊಡುವ ಮೊದಲು ನಮ್ಮ ಅನುಭವವನ್ನು ಓದಬೇಕೆಂದು ಕೋರುತ್ತೇನೆ. ನಮ್ಮ 500 ಪ್ರತಿಗಳಲ್ಲಿ ನೆಟ್ಟಗೆ ಬಂದದ್ದು ಒಂದೂ ಇಲ್ಲ.

ಪ್ರೌಢಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ ಎಂಬತ್ತು ತುಂಬಿದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಗ್ರಂಥವನ್ನು ತಂದೆವು. ಗ್ಲಾಕೋಮಾದಿಂದ ಅವರ ದೃಷ್ಟಿ ಪೂರ್ತಿಯಾಗಿ ಹೋಗಿ ಕೆಲವು ವರ್ಷಗಳಾಗಿದ್ದವು. ಭಾರತೀಯ ಭಾಷೆಗಳಿಗೆಂದು 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್, ಅಂದರೆ ಬೆರಳಿನಿಂದ ಓದುವ ಉಬ್ಬುಚುಕ್ಕೆಗಳ ಲಿಪಿ, ಕನ್ನಡಕ್ಕೂ ಇದೆಯಾದರೂ, ಇಳಿವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಅದನ್ನು ಹೊಸದಾಗಿ ಕಲಿಯುವುದು ಸುಲಭವಲ್ಲ. ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ತಿದ್ದಿ ತೋರಿಸಿದ ಅಕ್ಷರಗಳನ್ನು ಅವರ ಬೆರಳು ಮರೆತಿರಲಾರದು ಎಂಬ ನಂಬಿಕೆಯಿಂದ ನಾವು ಅಕ್ಷರ ಉಬ್ಬಿಸುವ ಎಂಬಾಸಿಂಗ್ ಆರಿಸಿಕೊಂಡೆವು.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡು, ಅಂದರೆ ನುಣುಪು ಲೇಪನದ ದಪ್ಪ ಕಾಗದ, ಅದರ ಮೇಲೆ ಮ್ಯಾಟ್ ಲ್ಯಾಮಿನೇಷನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎಂಬಾಸಿಂಗ್ ಎಂದು ಮುದ್ರಕರೊಂದಿಗೆ ಮಾತಾಯಿತು. ವಾಟ್ಸಾಪ್‌ನಲ್ಲಿ ಬಂದ ಪ್ರೂಫಿನಲ್ಲಿ ನೆರಳು ಬೆಳಕು ಸೇರಿಸಿ ಅಕ್ಷರಗಳನ್ನು ಉಬ್ಬಿದಂತೆ ತೋರಿಸಿದ್ದರು; ಅದನ್ನು ನೋಡಿಯೇ ಒಪ್ಪಿಗೆ ಕೊಟ್ಟದ್ದು ನಮ್ಮ ಮೊದಲ ತಪ್ಪು. ಎಂಬಾಸಿಂಗ್ ಎಂದರೆ ಹೆಣ್ಣು ಅಚ್ಚು, ಗಂಡು ಅಚ್ಚುಗಳ ನಡುವೆ ಕಾಗದವನ್ನು ಒತ್ತಿ ಅದರ ನಾರನ್ನೇ ಹಿಗ್ಗಿಸುವ ಕೆಲಸ. ಹತ್ತಿಯ ನಾರಿರುವ, ಲೇಪನವಿಲ್ಲದ ದಪ್ಪ ಕಾಗದ ಈ ಹಿಗ್ಗನ್ನು ತಡೆದುಕೊಳ್ಳುತ್ತದೆ. ಆರ್ಟ್ ಕಾರ್ಡಿನ ಲೇಪನವಾದರೋ ಬಿರುಕು ಬಿಡುತ್ತದೆ, ಮತ್ತು ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಅಚ್ಚಿನ ಸಣ್ಣ ಸಂದುಗಳೊಳಗೆ ಇಳಿಯದೆ ಮೇಲೆ ಮೇಲೆಯೇ ಸೇತುವೆಯಂತೆ ಹಾಯ್ದು ನಿಲ್ಲುತ್ತದೆ.

ಕನ್ನಡ ಲಿಪಿಗೆ ಇದು ಬಹಳ ದೊಡ್ಡ ಅಪಾಯ. ನಮ್ಮ ಅಕ್ಷರಗಳಲ್ಲಿ ಅರ್ಥವನ್ನು ಹಿಡಿದಿಡುವುದೇ ಸಣ್ಣ ಗುರುತುಗಳು: ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸೀಳು, ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಶೀರ್ಷಿಕೆಯಲ್ಲಿದ್ದ ‘ನಿಧಿ’ ಸೀಳು ಕಳೆದುಕೊಂಡು ‘ನಿದಿ’ಯಾಯಿತು, ಅದರ ಕೆಳಗೆ ಚಿಕ್ಕದಾಗಿ ಉಬ್ಬಿಸಿದ್ದ ‘ಅಭಿನಂದನ ಗ್ರಂಥ’ದಲ್ಲಿ ಚುಕ್ಕೆ ಅಳಿಸಿಹೋಗಿ ‘ಗ್ರಂಧ’ವಾಯಿತು. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ನಮ್ಮನ್ನು ಒಮ್ಮೆಯೂ ಕ್ಷಮಿಸದಿದ್ದ ಗುರುಗಳ ಪುಸ್ತಕದ ಮೇಲೆ ಇದಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಎರಡನೆಯ ತೊಂದರೆ ಒಳಮೈಯದು. ಹೊರಗೆ ಉಬ್ಬಿದ್ದು ಒಳಗೆ ಹಳ್ಳವಾಗುತ್ತದೆ ಎಂಬ ಸರಳ ಸಂಗತಿ ನಮಗೆ ಹೊಳೆಯಲೇ ಇಲ್ಲ. ರಕ್ಷಾಪುಟದ ಒಳಬದಿಯಲ್ಲಿ ದಾನಿಗಳ ಹೆಸರುಗಳನ್ನು ಮುದ್ರಿಸಿದ್ದೆವು. ಶೀರ್ಷಿಕೆಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಆ ಪಟ್ಟಿಯ ನಡುವೆ ಮೂಡಿ, ಹಲವರ ಹೆಸರು ಓದಲಾಗದಂತಾಯಿತು.

ಮೂರನೆಯದು ಬೈಂಡಿಂಗ್‌ನಲ್ಲಿ ಆದದ್ದು. ಅಂಚು ಕತ್ತರಿಸುವಾಗ ಕಟಿಂಗ್ ಯಂತ್ರದ ಒತ್ತುಪಟ್ಟಿ ಪುಸ್ತಕಗಳ ಅಟ್ಟಿಯನ್ನು ಬಲವಾಗಿ ಅದುಮಿ ಹಿಡಿಯುತ್ತದೆ. ಶೀರ್ಷಿಕೆ ಮೇಲಂಚಿಗೆ ಹತ್ತಿರವಿದ್ದುದರಿಂದ ಉಬ್ಬು ಅಲ್ಲಿಯೇ ಅರ್ಧ ಕುಸಿಯಿತು, ಉಳಿದರ್ಧ ಹಗ್ಗ ಬಿಗಿದ ಕಟ್ಟುಗಳ ಭಾರಕ್ಕೆ ಚಪ್ಪಟೆಯಾಯಿತು. ಹೀಗಾಗುವುದೆಂದು ಅನುಭವವುಳ್ಳ ಮುದ್ರಕರಿಗೆ ಗೊತ್ತಿರಲೇಬೇಕಿತ್ತು. ಹೇಳಬೇಕಾದದ್ದು ಅವರ ಹೊಣೆಯೆಂದು ನಾನು ಈಗಲೂ ನಂಬಿದ್ದೇನೆ.

ಸಮಾರಂಭದ ದಿನ ಗುರುಗಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಮೂರು ಬಾರಿ ಬೆರಳಾಡಿಸಿ, “ಇಲ್ಲಿ ಏನು ಬರೆಸಿದ್ದೀರಪ್ಪಾ?” ಎಂದು ಕೇಳಿದರು.

ಆದ್ದರಿಂದ ದಯವಿಟ್ಟು ಅದೇ ಕಾಗದದ ಮೇಲೆ, ಅದೇ ಅಚ್ಚಿನಿಂದ, ಲ್ಯಾಮಿನೇಷನ್ ಸಹಿತ ಒತ್ತಿದ ಒಂದು ಮಾದರಿಯನ್ನು ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ಸವರಿ ನೋಡದೆ ಒಪ್ಪಿಗೆ ಕೊಡಬೇಡಿ. ಒತ್ತಕ್ಷರ ಮತ್ತು ಮಹಾಪ್ರಾಣಗಳಿರುವ ಪದಗಳನ್ನೇ ಆ ಮಾದರಿಗೆ ಆರಿಸಿಕೊಡಿ. ಸಣ್ಣ ಅಕ್ಷರದ ಉಪಶೀರ್ಷಿಕೆಯನ್ನು ಉಬ್ಬಿಸುವ ಆಸೆಯನ್ನೇ ಬಿಡಿ, ಮುದ್ರಣವೇ ಸಾಕು. ಒಳಬದಿಯಲ್ಲಿ ಆ ಭಾಗವನ್ನು ಖಾಲಿ ಬಿಡಿ. ನೋಟಕ್ಕಷ್ಟೇ ಬೇಕಾಗಿದ್ದರೆ, ರಟ್ಟಿನ ಬೈಂಡಿಂಗ್ ಮಾಡಿಸಿ ಕ್ಯಾಲಿಕೋ ಬಟ್ಟೆಯ ಮೇಲೆ ಅಕ್ಷರಗಳನ್ನು ಒಳಕ್ಕೆ ಒತ್ತಿಸುವುದು, ಅಂದರೆ ಡಿಬಾಸಿಂಗ್, ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅಕ್ಷರ ಮೇಲ್ಮೈಗಿಂತ ಕೆಳಗಿರುವುದರಿಂದ ಅಟ್ಟಿಯ ಭಾರ ಅದನ್ನು ಮುಟ್ಟುವುದಿಲ್ಲ, ಒತ್ತನ್ನು ರಟ್ಟೇ ನುಂಗಿಕೊಳ್ಳುವುದರಿಂದ ಒಳಬದಿಯೂ ಕೆಡುವುದಿಲ್ಲ.

ಬೆರಳಿಗೇ ಬೇಕಾಗಿದ್ದರೆ ಮಾತು ಬೇರೆ. ತಗ್ಗಿದ ಅಕ್ಷರಕ್ಕಿಂತ ಎದ್ದ ಅಕ್ಷರವೇ ಬೆರಳಿಗೆ ಸುಲಭ. ನಾವು ಕೊನೆಗೆ ನಮ್ಮೂರಿನ ಹಳೆಯ ಬೈಂಡರೊಬ್ಬರಿಂದ ಒಂದೇ ಒಂದು ಪ್ರತಿ ಮಾಡಿಸಿದೆವು. ಒಂದಂಗುಲ ಎತ್ತರದ ಅಕ್ಷರಗಳನ್ನು ರಟ್ಟಿನಲ್ಲಿ ಕತ್ತರಿಸಿ ಹೊದಿಕೆಗೆ ಅಂಟಿಸಿ, ಮೇಲೆ ತೆಳುವಾದ ಬಟ್ಟೆ ಎಳೆದು, ಪ್ರತಿ ಅಂಚನ್ನೂ ಮೂಳೆಯ ಪಟ್ಟಿಯಿಂದ ಉಜ್ಜಿ ಕೂರಿಸಲು ಅವರಿಗೆ ಎರಡು ದಿನ ಹಿಡಿಯಿತು. ‘ಧಿ’ಯ ಸೀಳನ್ನು ಅವರು ಬೇರೆಯಾಗಿಯೇ ಕತ್ತರಿಸಿ, ಅಕ್ಷರದಿಂದ ಕೂದಲೆಳೆಯಷ್ಟು ಬಿಡಿಸಿ ಅಂಟಿಸಿದರು. ಗುರುಗಳ ಬೆರಳು ಮೊದಲು ನಿಂತದ್ದು ಅಲ್ಲಿಯೇ.